ಹಗ್ಗ ಎಳೆದು ಕೈ ಸೋತಿತು, ಎಂಜಿನ್ ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ!

ಪ್ರಶ್ನೆ: ನನ್ನ ದೋಣಿಗೆ 15 ಎಚ್‌ಪಿ ಟು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಎರಡು ಸಿಲಿಂಡರ್, ಕಾರ್ಬುರೇಟರ್ ಇರುವ ಹಳೆಯ ಮಾದರಿ. ಐದು ತಿಂಗಳು ಮುಟ್ಟಿರಲಿಲ್ಲ. ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್ ಎರಡೂ ಹೊಸದು ಹಾಕಿದೆ. ಕಾರ್ಬುರೇಟರ್ ಬದಲಾಯಿಸಿ ಎನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಸದ್ಯಕ್ಕೆ ಬೇಡ. ರೋಗ ಯಾವುದೆಂದು ತಿಳಿಯದೆ ಔಷಧಿ ಕೊಂಡರೆ ಕೈಯಲ್ಲಿದ್ದ ಕಾಸು ಹೋಗುತ್ತದೆ, ಎಂಜಿನ್ ಹಾಗೇ ಇರುತ್ತದೆ.

ಮೊದಲು ಸಂಕೋಚ ಬಿಟ್ಟು ಮೂರು ಚಿಲ್ಲರೆ ಸಂಗತಿ ನೋಡಿ. ಕಿಲ್ ಸ್ವಿಚ್‌ನ, ಅಂದರೆ ಎಂಜಿನ್ ನಿಲ್ಲಿಸುವ ಸ್ಟಾಪ್ ಸ್ವಿಚ್‌ನ, ಕ್ಲಿಪ್ ತನ್ನ ಜಾಗದಲ್ಲಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು ಸಡಿಲಿಸಿದ್ದೀರಾ? ನಗಬೇಡಿ. ನಾನೇ ಒಮ್ಮೆ ಅರ್ಧ ಗಂಟೆ ಹಗ್ಗ ಜಗ್ಗಿ ಬೆವರಿಳಿಸಿಕೊಂಡ ಮೇಲೆ ಆ ಕ್ಲಿಪ್ ನನ್ನ ಜೇಬಿನಲ್ಲೇ ಸಿಕ್ಕಿತ್ತು.

ಇನ್ನು ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಾಣ ಮೇಲ್ಮುಖವಾಗುವಂತೆ ಬಲ್ಬನ್ನು ನೆಟ್ಟಗೆ ಹಿಡಿದು ಒತ್ತಿ. ಕೆಲವು ಸಲ ಒತ್ತಿದ ಮೇಲೆ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ: ಕನೆಕ್ಟರ್‌ನೊಳಗಿನ ರಬ್ಬರ್ ಉಂಗುರ, ಬಿರುಕು ಬಿಟ್ಟ ಪೈಪು, ಇಲ್ಲವೇ ಬಲ್ಬಿನದೇ ವಾಲ್ವ್.

ಬಲ್ಬ್ ಗಟ್ಟಿಯಾಯಿತೆಂದರೆ ಚೋಕ್ ಪೂರ್ತಿ ಎಳೆದು ಐದಾರು ಸಲ ಹಗ್ಗ ಎಳೆಯಿರಿ, ಅಷ್ಟೇ ಸಾಕು. ಕೂಡಲೇ ಪ್ಲಗ್ ಬಿಚ್ಚಿ ಅದರ ಮೂತಿ ಮುಟ್ಟಿ ನೋಡಿ. ಒದ್ದೆಯೋ, ಒಣಗಿದೆಯೋ? ಮುಂದಿನ ಹುಡುಕಾಟವೆಲ್ಲ ಇದರ ಮೇಲೆ ನಿಂತಿದೆ. ಬಹಳ ಮಂದಿ ಬಿಟ್ಟುಬಿಡುವುದೂ ಇದನ್ನೇ.

ಒದ್ದೆಯಾಗಿದ್ದರೆ ಪೆಟ್ರೋಲ್ ಸಿಲಿಂಡರ್‌ವರೆಗೂ ಬಂದಿದೆ. ಆಗ ಕಿಡಿ ನೋಡಬೇಕು. ಪ್ಲಗ್ ಎರಡನ್ನೂ ಅವುಗಳ ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈ ಎಂಜಿನ್‌ನ ಬಣ್ಣವಿಲ್ಲದ ಜಾಗಕ್ಕೆ ತಾಗುವಂತೆ ಇಟ್ಟು ಹಗ್ಗ ಎಳೆಯಿರಿ. ಪ್ಲಗ್ ಬಿಚ್ಚಿದ ತೂತುಗಳಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಆದ್ದರಿಂದ ಪ್ಲಗ್ ಅಲ್ಲಿಂದ ದೂರವಿರಲಿ, ಚೆಲ್ಲಿದ ಪೆಟ್ರೋಲನ್ನು ಮೊದಲೇ ಒರೆಸಿ. ಕ್ಯಾಪನ್ನು ಬರಿದೇ ಜೋತುಬಿಟ್ಟು ಎಂಜಿನ್ ತಿರುಗಿಸಬೇಡಿ, ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ (ಸಿಡಿಐ) ಸುಟ್ಟುಹೋಗಬಹುದು. ನೆರಳಿನಲ್ಲಿ ನೋಡಿದರೆ ಕಿಡಿ ನೀಲಿಯಾಗಿ, ಚುರುಕಾಗಿ ಕಾಣಬೇಕು. ಕಿಡಿ ಚೆನ್ನಾಗಿದ್ದೂ ಪ್ಲಗ್ ತೊಯ್ದು ತೊಪ್ಪೆಯಾಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿದೆ. ಪ್ಲಗ್ ಒಣಗಿಸಿ, ಚೋಕ್ ಇಲ್ಲದೆ ಎಳೆಯಿರಿ.

ಎರಡೂ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲವಾದರೆ ನನ್ನ ಮೊದಲ ಅನುಮಾನ ಸ್ಟಾಪ್ ಸ್ವಿಚ್ ಮೇಲೆ. ಇಂಥ ಎಂಜಿನ್‌ಗಳಲ್ಲಿ ಆ ಸ್ವಿಚ್ ಮಾಡುವ ಕೆಲಸ ಒಂದೇ, ಇಗ್ನಿಷನ್ ತಂತಿಯನ್ನು ಅರ್ಥ್ ಮಾಡುವುದು, ಅಂದರೆ ಎಂಜಿನ್ ಮೈಗೆ ಜೋಡಿಸಿ ಕಿಡಿ ನಿಲ್ಲಿಸುವುದು. ಒಳಗೆ ಉಪ್ಪು ಕೂತರೆ ಕ್ಲಿಪ್ ಹಾಕಿದ್ದರೂ ಅದು ಅರ್ಥ್ ಆಗಿಯೇ ಉಳಿಯುತ್ತದೆ. ಸ್ವಿಚ್ಚಿನ ತಂತಿ ಬಿಚ್ಚಿ ಮತ್ತೆ ಎಳೆಯಿರಿ. ಕಿಡಿ ಬಂತೆಂದರೆ ಕಳ್ಳ ಸಿಕ್ಕ. ಇದು ಪರೀಕ್ಷೆಗೆ ಮಾತ್ರ! ತಂತಿ ಬಿಚ್ಚಿದಾಗ ಎಂಜಿನ್ ಸ್ಟಾರ್ಟ್ ಆದರೆ ಸ್ವಿಚ್ಚಿನಿಂದ ನಿಲ್ಲುವುದಿಲ್ಲ, ಚೋಕ್ ಎಳೆದೇ ನಿಲ್ಲಿಸಬೇಕು.

ಪ್ಲಗ್ ಒಣಗಿದ್ದರೆ? ಐದು ತಿಂಗಳು ಎಂದಿರಲ್ಲ, ನನ್ನ ಊಹೆ ಇದೇ. ಕಾರ್ಬುರೇಟರ್ ಬಟ್ಟಲಿನ ತಳದಲ್ಲಿರುವ ತಿರುಪು ಬಿಚ್ಚಿ, ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರಿದ್ದಲ್ಲಿ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ಬಂದದ್ದು ಕಂದು ಬಣ್ಣಕ್ಕೆ ತಿರುಗಿ ಹಳೆಯ ವಾರ್ನಿಷ್‌ನಂತೆ ನಾರುತ್ತಿದ್ದರೆ ಅಂಟು ಜೆಟ್‌ನ (ಪೆಟ್ರೋಲ್ ಹಾಯುವ ಹಿತ್ತಾಳೆ ತಿರುಪಿನ) ಸಣ್ಣ ತೂತಿನಲ್ಲೂ ಕೂತಿದೆ. ಜೆಟ್ ಬಿಚ್ಚಿ ಕಾರ್ಬುರೇಟರ್ ಕ್ಲೀನರ್ ಹಾಕಿ, ಗಾಳಿ ಊದಿ ತೆಗೆಯಿರಿ. ತಂತಿ ತುರುಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಜೆಟ್ ಕೆಟ್ಟಿತೆಂದೇ ಲೆಕ್ಕ. ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ. ಆಯಿಲ್ ಪ್ರಮಾಣ ಕೈಪಿಡಿಯಲ್ಲಿರುವಂತೆಯೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಇಷ್ಟೆಲ್ಲ ಆದ ಮೇಲೂ ಎದ್ದೇಳದಿದ್ದರೆ, ಅದರಲ್ಲೂ ಹಗ್ಗ ತೀರಾ ಸಲೀಸಾಗಿ ಬರುತ್ತಿದ್ದರೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ.

ಪ್ರಶ್ನೆ: 40 ಎಚ್‌ಪಿ ಫೋರ್ ಸ್ಟ್ರೋಕ್. ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದೆ, ಅಂದರೆ ಸ್ಟಾರ್ಟರ್ ಹೋಗಿದೆಯೇ?

ಉತ್ತರ: ಸುಮ್ಮನೆ ಕೂತ ಬ್ಯಾಟರಿಯ ವೋಲ್ಟ್ ನಂಬಬೇಡಿ. ಕೀ ತಿರುಗಿಸಿ ಹಿಡಿದಾಗಲೇ ಅಳೆಯಿರಿ. 9.5ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೇ ಮೊದಲು ಚಾರ್ಜ್ ಮಾಡಿ ಪರೀಕ್ಷಿಸಿ. 12ರ ಆಸುಪಾಸಿನಲ್ಲೇ ನಿಂತರೆ ಕರೆಂಟ್ ದಾರಿಯಲ್ಲೆಲ್ಲೋ ತಡೆದಿದೆ: ಕೇಬಲ್, ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಇಲ್ಲವೇ ಸ್ಟಾರ್ಟರ್. ಇನ್ನೊಂದು ಪರೀಕ್ಷೆಯೂ ಇದೆ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೇಬಲ್ಲೇ ತಪ್ಪಿತಸ್ಥ. ಹೊರಗೆ ಥಳಥಳ ಹೊಳೆಯುವ ತುದಿಯನ್ನು ಬಿಚ್ಚಿದರೆ ಒಳಗೆ ಹಸಿರು ಪುಡಿ ಕೂತಿರುತ್ತದೆ. ಉಜ್ಜಿ, ಸ್ಪ್ಯಾನರ್‌ನಿಂದ ಬಿಗಿಮಾಡಿ. ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ದೋಣಿಯ ಅದುರಿಗೆ ನಿಲ್ಲುವುದಿಲ್ಲ.

ಪ್ರಶ್ನೆ: ಸ್ಟಾರ್ಟ್ ಆಗುತ್ತದೆ, ಎರಡು ನಿಮಿಷಕ್ಕೆ ನಿಲ್ಲುತ್ತದೆ. ಬಲ್ಬ್ ಒತ್ತಿದರೆ ಮತ್ತೆ ಓಡುತ್ತದೆ. ದಡದಲ್ಲೇ ಓಡಿಸಿ ಪರೀಕ್ಷಿಸಬಹುದೇ?

ಉತ್ತರ: ನಿಲ್ಲುವ ಹೊತ್ತಿಗೆ ಬಲ್ಬ್ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಅಡ್ಡಿಯಿದೆ, ಗಾಳಿ ತಿರುಪು, ಇಲ್ಲವೇ ಟ್ಯಾಂಕಿನೊಳಗಿನ ಜಾಲರಿ ನೋಡಿ. ಚಪ್ಪಟೆಯಾಗದೆ ಮೆತ್ತಗಷ್ಟೇ ಆಗಿದ್ದರೆ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ, ಇಲ್ಲವೇ ಫ್ಯೂಯೆಲ್ ಪಂಪಿನೊಳಗಿನ ತೆಳು ಪೊರೆ (ಡಯಾಫ್ರಂ) ಹರಿದಿದೆ. ದಡದಲ್ಲಿ ನೀರಿಲ್ಲದೆ ಓಡಿಸಲೇಬೇಡಿ, ವಾಟರ್ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಕ್ಷಣಗಳಲ್ಲೇ ಹಾಳಾಗುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ನೀರು ಎಳೆಯುವ ಕಿಂಡಿಗಳು ಮುಳುಗುವಷ್ಟು ನೀರಿರುವ ಡ್ರಮ್ಮಿನಲ್ಲಿ ಇಳಿಸಿ ಓಡಿಸಿ. ಎಂಜಿನ್ ಪಕ್ಕದ ತೂತಿನಿಂದ ನೀರಿನ ಧಾರೆ ಬರದಿದ್ದರೆ ಆ ಕ್ಷಣವೇ ಆಫ್ ಮಾಡಿ.