ಮೆಸೊಪೊಟೇಮಿಯಾದಲ್ಲಿ ಬರವಣಿಗೆ ಹುಟ್ಟಿದ್ದು ಯಾವ ಅಗತ್ಯಕ್ಕಾಗಿ?

ಮೆಸೊಪೊಟೇಮಿಯಾದ ಮೊದಲ ಬರಹಗಳು ರಾಜಶಾಸನಗಳೋ ದೇವತಾ ಸ್ತೋತ್ರಗಳೋ ಎಂದು ಕೇಳಿದ್ದೀರಿ. ಎರಡೂ ಅಲ್ಲ; ಅವುಗಳಲ್ಲಿ ಬಹುಪಾಲು ಲೆಕ್ಕಪತ್ರಗಳು. ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಉರುಕ್ ನಗರದಲ್ಲಿ ಕ್ರಿ.ಪೂ. ಸುಮಾರು 3300ರ ಹೊತ್ತಿಗೆ, ಉಗ್ರಾಣಗಳಿಗೆ ಬಂದು ಸೇರುತ್ತಿದ್ದ ಬಾರ್ಲಿ, ಕುರಿ, ಉಣ್ಣೆಗಳ ಲೆಕ್ಕವೂ ಅಲ್ಲಿಂದ ಕೆಲಸಗಾರರಿಗೆ ಹಂಚಿಹೋಗುತ್ತಿದ್ದ ಪಡಿಯ ಲೆಕ್ಕವೂ ನೆನಪಿನ ಶಕ್ತಿಯನ್ನು ಮೀರಿ ಬೆಳೆದಿದ್ದವು. ಆಗ ಗುಮಾಸ್ತರು ಅಂಗೈಯಗಲದ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಗುರುತು ಮಾಡತೊಡಗಿದರು: ದುಂಡು ಕಡ್ಡಿಯನ್ನು ಒತ್ತಿದರೆ ಸಂಖ್ಯೆ, ಚೂಪು ಕಡ್ಡಿಯಿಂದ ಗೀರಿದರೆ ವಸ್ತು. ಮನುಷ್ಯನ ತಲೆಯ ಪಕ್ಕದಲ್ಲಿ ಬಟ್ಟಲೊಂದನ್ನು ಗೀರಿದರೆ ಅದು ಪಡಿ ವಿತರಣೆಯ ಸೂಚನೆ.

ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಾಣುವುದು ಅವರ ಎಣಿಕೆಯ ಕ್ರಮ. ಗುರುತಿನ ಬೆಲೆಯು ಎಣಿಸುವ ವಸ್ತುವಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ, ಒಂದೇ ದುಂಡು ಗುರುತು ಕುರಿಗಳ ಲೆಕ್ಕದಲ್ಲಿ 10 ಚಿಕ್ಕ ಗುರುತುಗಳಿಗೆ ಸಮವಾದರೆ, ಬಾರ್ಲಿಯ ಅಳತೆಯಲ್ಲಿ 6ಕ್ಕೆ, ಹೊಲದ ವಿಸ್ತೀರ್ಣದಲ್ಲಿ 18ಕ್ಕೆ ಸಮವಾಗುತ್ತಿತ್ತು. ಸಂಖ್ಯೆಯನ್ನು ವಸ್ತುವಿನಿಂದ ಬೇರ್ಪಡಿಸಿ ನೋಡುವ ರೂಢಿ ಈ ಹಲಗೆಗಳಲ್ಲಿ ಇನ್ನೂ ನೆಲೆಗೊಂಡಿರಲಿಲ್ಲ.

ಲೆಕ್ಕಪತ್ರಗಳನ್ನು ಬಿಟ್ಟರೆ ಆ ಕಾಲದಿಂದ ಮುಖ್ಯವಾಗಿ ಉಳಿದಿರುವುದು ಗುಮಾಸ್ತರ ತರಬೇತಿಗೆಂದು ಬರೆದ ಪದಪಟ್ಟಿಗಳು. ಸ್ತೋತ್ರ, ಗಾದೆ ಮುಂತಾದ ಸಾಹಿತ್ಯವು ಹಲಗೆಗಳ ಮೇಲೆ ಕಾಣಿಸಿಕೊಳ್ಳುವುದು ಕ್ರಿ.ಪೂ. ಸುಮಾರು 2600ರ ವೇಳೆಗೆ.