ಆಫೀಸಿನಲ್ಲಿ ಸಬ್‌ವರ್ಶನ್ ಇದ್ದಾಗ ನಾನೊಬ್ಬ ಗಿಟ್ ಬಳಸಿದರೆ ಉಳಿದವರಿಗೆ ತೊಂದರೆ ಆಗುತ್ತಾ?

ಆಗಲ್ಲ, ಧೈರ್ಯವಾಗಿ ಬಳಸಿ. ಎರಡೂ ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನಗಳೇ. ತಂಡ ಸಬ್‌ವರ್ಶನ್ ಬಿಡುವ ಹಾಗಿಲ್ಲ, ನಿಮಗೆ ಗಿಟ್ ಇಲ್ಲದೆ ಕೈ ಓಡುವುದಿಲ್ಲ, ನಡುವೆ ಎರಡನ್ನೂ ಜೋಡಿಸುವ ಗಿಟ್-ಎಸ್‌ವಿಎನ್ ಹಾಕಿಕೊಳ್ಳಲೇ ಅಂತ ಕೇಳಿದ್ದೀರಿ. ನಾನೂ ಹಾಗೇ ಕೆಲಸ ಮಾಡುತ್ತೇನೆ. ಒಂದು ವಿಷಯ ಮಾತ್ರ ಗಟ್ಟಿ ಮಾಡಿಕೊಳ್ಳಿ: ಅಸಲಿ ಇತಿಹಾಸ ಸಬ್‌ವರ್ಶನ್ ಸರ್ವರಿನಲ್ಲಿದೆ. ನಿಮ್ಮ ಗಿಟ್ ರೆಪೊ ನಿಮ್ಮೊಬ್ಬರ ಕೆಲಸಕ್ಕೆ.

ಮೊದಲ ಕ್ಲೋನ್, ಅಂದರೆ ಸರ್ವರಿನಿಂದ ಪ್ರತಿ ತಂದುಕೊಳ್ಳುವುದು, ತುಂಬ ನಿಧಾನ. ಒಂದೊಂದೇ ರಿವಿಷನ್ (ಸಬ್‌ವರ್ಶನ್ನಿನಲ್ಲಿ ದಾಖಲಾದ ಬದಲಾವಣೆ) ಎಳೆದು ಗಿಟ್ಟಿನಲ್ಲಿ ಕಮಿಟ್ ಮಾಡುತ್ತದೆ, ಅಂದರೆ ದಾಖಲಿಸುತ್ತದೆ. ಹಳೆಯದೆಲ್ಲ ಬೇಡವಾದರೆ ಇತ್ತೀಚಿನ ಒಂದು ರಿವಿಷನ್ ಸಂಖ್ಯೆ ಕೊಟ್ಟು ಅಲ್ಲಿಂದ ಶುರು ಮಾಡಿ.

ಆಮೇಲೆ ದಿನದ ಕೆಲಸ ಸುಲಭ. ಬ್ರಾಂಚ್ ಮಾಡಿ, ಬೇಕಾದಷ್ಟು ಕಮಿಟ್ ಮಾಡಿ, ‘ಗಿಟ್ ಎಸ್‌ವಿಎನ್ ರೀಬೇಸ್’ ಕೊಟ್ಟು ಬೇರೆಯವರ ಬದಲಾವಣೆ ತಂದುಕೊಳ್ಳಿ, ನಿಮ್ಮ ಕಮಿಟುಗಳು ಅದರ ಮೇಲೆ ಕೂರುತ್ತವೆ. ಕೊನೆಗೆ ‘ಗಿಟ್ ಎಸ್‌ವಿಎನ್ ಡಿಕಮಿಟ್’.

ಈ ಡಿಕಮಿಟ್ ಏನು ಮಾಡುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ. ಅದು ಸುಮ್ನೆ ಪುಶ್ ಅಲ್ಲ. ನಿಮ್ಮ ಒಂದೊಂದು ಕಮಿಟನ್ನೂ ಸಬ್‌ವರ್ಶನ್ನಿಗೆ ಹೊಸ ರಿವಿಷನ್ ಆಗಿ ಕಳಿಸಿ, ಅದನ್ನೇ ವಾಪಸ್ ತಂದು ನಿಮ್ಮ ಕಮಿಟಿನ ಜಾಗದಲ್ಲಿ ಇಡುತ್ತದೆ. ಆಮೇಲೆ ಲಾಗ್ ತೆಗೆದು ನೋಡಿ. ಸಂದೇಶದ ಕೆಳಗೆ ‘ಗಿಟ್-ಎಸ್‌ವಿಎನ್-ಐಡಿ’ ಅಂತ ಒಂದು ಸಾಲು ಸೇರಿರುತ್ತದೆ, ಅದರಲ್ಲಿ ಸರ್ವರಿನ ವಿಳಾಸ, ರಿವಿಷನ್ ಸಂಖ್ಯೆ ಎಲ್ಲ ಇರುತ್ತವೆ. ಸಂದೇಶ ಬದಲಾದರೆ ಹ್ಯಾಶ್ (ಗಿಟ್ ಒಂದೊಂದು ಕಮಿಟಿಗೂ ಕೊಡುವ ಗುರುತು) ಕೂಡ ಬದಲಾಗಲೇಬೇಕು, ಅಲ್ವಾ? ಅದಕ್ಕೇ ಡಿಕಮಿಟ್ ಮಾಡದ ಬ್ರಾಂಚನ್ನು ಪಕ್ಕದವರ ಗಿಟ್ಟಿಗೆ ಕೊಡಬೇಡಿ. ನಾಳೆ ಅದೇ ಬದಲಾವಣೆ ಅವರಿಗೆ ಎರಡೆರಡು ಸಲ ಕಾಣುತ್ತದೆ. ಹಂಚಿಕೊಳ್ಳಲೇಬೇಕಾದರೆ ಪ್ಯಾಚ್ (ಬದಲಾವಣೆಯಷ್ಟೇ ಇರುವ ಫೈಲ್) ಕಳಿಸಿ, ಇಲ್ಲವೇ ಸಬ್‌ವರ್ಶನ್ನಿನಲ್ಲೇ ಒಂದು ಬ್ರಾಂಚ್ ಮಾಡಿ.

ಡಿಕಮಿಟ್ ಮಾಡುವ ಬ್ರಾಂಚಿನಲ್ಲಿ ಮರ್ಜ್ ಮಾಡಬೇಡಿ, ಅಂದರೆ ಇನ್ನೊಂದು ಬ್ರಾಂಚನ್ನು ತಂದು ಸೇರಿಸಬೇಡಿ, ಬರೀ ಪುಲ್ ಕೂಡ ಬೇಡ. ರೀಬೇಸ್ ಮಾಡಿ ಇತಿಹಾಸವನ್ನು ಒಂದೇ ಗೆರೆಯಲ್ಲಿ ಇಟ್ಟುಕೊಳ್ಳಿ. ಯಾವ ಸಬ್‌ವರ್ಶನ್ ಬ್ರಾಂಚಿಗೆ ಕಳಿಸಬೇಕು ಅನ್ನುವುದನ್ನು ಗಿಟ್-ಎಸ್‌ವಿಎನ್ ಕಮಿಟುಗಳ ಪೂರ್ವಜರನ್ನು ನೋಡಿ ತೀರ್ಮಾನಿಸುತ್ತದೆ. ಮರ್ಜ್ ಗೋಜಲಾದರೆ ರಿಲೀಸ್ ಬ್ರಾಂಚಿಗೆ ಹೋಗಬೇಕಾದ ಕೋಡ್ ಟ್ರಂಕಿಗೆ (ಸಬ್‌ವರ್ಶನ್ನಿನ ಮುಖ್ಯ ಬ್ರಾಂಚ್) ಹೋಗಿ ಕೂರಬಹುದು. ಕಳಿಸುವ ಮೊದಲು ‘ಡಿಕಮಿಟ್ -ಎನ್’ ಕೊಡಿ. ಏನನ್ನೂ ಕಳಿಸದೆ, ಎಲ್ಲಿಗೆ ಹೋಗುತ್ತದೆ ಅಂತಷ್ಟೇ ತೋರಿಸುತ್ತದೆ. ನಾನಂತೂ ಇದನ್ನು ಯಾವತ್ತೂ ಬಿಡುವುದಿಲ್ಲ.

ಶುರು ಮಾಡುವ ಮೊದಲು ನಿಮ್ಮ ಪ್ರಾಜೆಕ್ಟಿನಲ್ಲಿ ಎಕ್ಸ್‌ಟರ್ನಲ್ಸ್ (ಬೇರೆ ಕಡೆಯಿಂದ ಜೋಡಿಸಿದ ಫೋಲ್ಡರುಗಳು) ಇವೆಯಾ ನೋಡಿ. ಗಿಟ್-ಎಸ್‌ವಿಎನ್ ಅವನ್ನು ತರುವುದಿಲ್ಲ, ನೀವೇ ಬೇರೆಯಾಗಿ ಚೆಕ್‌ಔಟ್ ಮಾಡಿಕೊಳ್ಳಬೇಕು. ಇಗ್ನೋರ್ ಪಟ್ಟಿ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿ) ಬೇಕಾದರೆ ‘ಗಿಟ್ ಎಸ್‌ವಿಎನ್ ಕ್ರಿಯೇಟ್-ಇಗ್ನೋರ್’ ಮಾಡಿಕೊಡುತ್ತದೆ.