ಕಟ್ಟಿಗೆಯ ಕಾವು, ಕಡಲಿನ ಚಳಿ: ಸೌನಾ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಉದ್ಯೋಗನಿಮಿತ್ತ ಈಚೆಗಷ್ಟೇ ಹೆಲ್ಸಿಂಕಿಯ ಪಕ್ಕದ ಎಸ್ಪೂ ನಗರಕ್ಕೆ ಬಂದಿದ್ದೇನೆ. ಜನವರಿಯಲ್ಲಿ ಕಡಲತಡಿಯಲ್ಲಿ ಕಟ್ಟಿಗೆ ಉರಿಸಿ ಕಾಯಿಸುವ ಸೌನಾಕ್ಕೆ, ಅಂದರೆ ಬೆವರಿಳಿಸುವ ಬಿಸಿಕೋಣೆಯ ಸ್ನಾನಕ್ಕೆ, ಬರಬೇಕೆಂದು ಸಹೋದ್ಯೋಗಿಗಳು ಕರೆದಿದ್ದಾರೆ. 90 ಡಿಗ್ರಿ ಬಿಸಿಯ ಕೋಣೆಯಲ್ಲಿ ಕುಳಿತು, ಎದ್ದು, ಮಂಜುಗಟ್ಟುವ ಸಮುದ್ರಕ್ಕೆ ಇಳಿಯುವುದರಲ್ಲಿ ಸುಖವೇನಿದೆ? ಹೋದರೆ ಹೇಗೆ ನಡೆದುಕೊಳ್ಳಬೇಕು?
– ಓದುಗರು, ಎಸ್ಪೂ

ಉತ್ತರ: ಖಂಡಿತ ಹೋಗಿ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆಯೆಂಬ ಅಂದಾಜಿದೆ. 2020ರಲ್ಲಿ ಯುನೆಸ್ಕೊ ಅಲ್ಲಿನ ಸೌನಾ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಥ ನಾಡಿನವರು ನಿಮ್ಮನ್ನು ಸೌನಾಕ್ಕೆ ಕರೆದಿದ್ದಾರೆಂದರೆ, ನಮ್ಮಲ್ಲಿ ಮನೆಗೆ ಊಟಕ್ಕೆ ಕರೆದಷ್ಟೇ ಆತ್ಮೀಯವಾಗಿ ಕರೆದಿದ್ದಾರೆಂದು ತಿಳಿಯಿರಿ.

90 ಡಿಗ್ರಿಯ ನೀರು ಮೈಯನ್ನು ಸುಡುತ್ತದೆ. ಅಷ್ಟೇ ಬಿಸಿಯ ಒಣಗಾಳಿ ಸುಡುವುದಿಲ್ಲ, ಏಕೆಂದರೆ ಗಾಳಿ ಮೈಗೆ ದಾಟಿಸುವ ಶಾಖ ನೀರಿಗಿಂತ ಬಹಳ ಕಡಿಮೆ, ಜೊತೆಗೆ ಬೆವರು ಆರುತ್ತಾ ಚರ್ಮವನ್ನು ತಂಪಾಗಿಡುತ್ತದೆ. ಒಲೆಯ ಮೇಲೆ ಪೇರಿಸಿದ ಕಾದ ಕಲ್ಲುಗಳಿಗೆ ಸೌಟಿನಿಂದ ನೀರು ಚಿಮುಕಿಸಿದಾಗ ಮಾತ್ರ ಸ್ಥಿತಿ ಬದಲಾಗುತ್ತದೆ. ಹಾಗೆ ಏಳುವ ಹಬೆಯನ್ನು ಅವರು ಲೋಯ್ಲು ಎನ್ನುತ್ತಾರೆ. ಆ ಹಬೆಗಿಂತ ಮೈ ತಂಪಾಗಿರುವುದರಿಂದ ಅದು ಚರ್ಮವನ್ನು ಮುಟ್ಟಿ ನೀರಾಗುತ್ತದೆ, ನೀರಾಗುವಾಗ ತನ್ನೊಳಗಿನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ತಾಪಮಾಪಕ ಹೆಚ್ಚೇನೂ ಮೇಲೇರದಿದ್ದರೂ ಬೆನ್ನು, ಕಿವಿಗಳ ಮೇಲೆ ಕಾವಿನ ಅಲೆಯೊಂದು ಹಾದುಹೋದಂತಾಗುವುದು ಇದರಿಂದಲೇ. ಶಾಖ ಮೇಲಕ್ಕೇರುವುದರಿಂದ ಮೊದಲ ಸಲ ಕೆಳಗಿನ ಹಲಗೆಯ ಮೇಲೆ ಕುಳಿತುಕೊಳ್ಳಿ.

ನಿಮ್ಮ ವಸತಿ ಸಮುಚ್ಚಯದಲ್ಲೂ ವಿದ್ಯುತ್ ಒಲೆಯ ಸೌನಾ ಇರಬಹುದು. ಕಟ್ಟಿಗೆಯ ಸೌನಾ ಅದಕ್ಕಿಂತ ಬೇರೆಯದೇ ಅನುಭವ ಕೊಡುತ್ತದೆ. ಉರಿಯುವ ಬೆಂಕಿ ಕೋಣೆಯ ಗಾಳಿಯನ್ನು ಎಳೆದು ಹೊಗೆಕೊಳವೆಯ ಮೂಲಕ ಹೊರಹಾಕುತ್ತಲೇ ಇರುವುದರಿಂದ ಉಸಿರು ಕಟ್ಟಿದಂತಾಗುವುದಿಲ್ಲ. ಕಲ್ಲಿನ ರಾಶಿ ದೊಡ್ಡದಾಗಿದ್ದು ನಿಧಾನವಾಗಿ ಕಾದಿರುವುದರಿಂದ ಹಬೆ ಚುಚ್ಚುವುದಿಲ್ಲ. ಸಾಮಾನ್ಯವಾಗಿ ಬಳಸುವುದು ಚೆನ್ನಾಗಿ ಒಣಗಿದ ಬರ್ಚ್ ಮರದ ಸೀಳು. ಹೊಗೆಕೊಳವೆಯೇ ಇಲ್ಲದ ಹೊಗೆ ಸೌನಾ ಎಂಬ ಹಳೆಯ ಬಗೆಯೂ ಇದೆ. ಅದರಲ್ಲಿ ಗಂಟೆಗಟ್ಟಲೆ ಬೆಂಕಿಯುರಿಸಿ, ಕೆಂಡ ಪೂರ್ತಿ ಆರಿ ಹೊಗೆಯೆಲ್ಲ ಹೊರಹೋದ ಮೇಲೆಯೇ ಜನ ಒಳಗೆ ಹೋಗುತ್ತಾರೆ. ಮಸಿ ಹಿಡಿದ ಗೋಡೆಗಳ ನಡುವಿನ ಆ ಮೃದುವಾದ ಕಾವಿಗೆ ಸಮನಾದದ್ದು ಇನ್ನೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಹೆಲ್ಸಿಂಕಿಯ ಹೆರ್ನೆಸಾರಿ ತೀರದಲ್ಲಿ 2016ರಲ್ಲಿ ತೆರೆದ, ಹಬೆಯ ಹೆಸರನ್ನೇ ಹೊತ್ತ ಲೋಯ್ಲು ಎಂಬ ಸಾರ್ವಜನಿಕ ಸೌನಾದಲ್ಲಿ ಈ ಎರಡೂ ಬಗೆಗಳಿದ್ದು, ಅಲ್ಲಿಂದ ಸಮುದ್ರಕ್ಕೆ ಇಳಿಯಲು ಮೆಟ್ಟಿಲುಗಳಿವೆ. ಅದಲ್ಲದೆ ಸ್ವಯಂಸೇವಕರು ನೋಡಿಕೊಳ್ಳುವ, ಶುಲ್ಕವಿಲ್ಲದ ಸೋಂಪಾಸೌನಾ ಕೂಡ ಅದೇ ನಗರದಲ್ಲಿದೆ. ಅಲ್ಲಿ ಒಲೆಗೆ ಕಟ್ಟಿಗೆ ಹಾಕುವವರೂ ಸ್ನಾನಕ್ಕೆ ಬಂದವರೇ.

ಇನ್ನು ಸಮುದ್ರದ ವಿಚಾರ. ಮಹಾಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಹೆಲ್ಸಿಂಕಿಯ ತೀರದಲ್ಲಿ ಇರುವುದು ಐದಾರು ಗ್ರಾಂ ಮಾತ್ರ. ಆದ್ದರಿಂದ ಅದು ಸೊನ್ನೆ ಡಿಗ್ರಿಯ ಹತ್ತಿರದಲ್ಲೇ ಹೆಪ್ಪುಗಟ್ಟುತ್ತದೆ, ಚಳಿಗಾಲದಲ್ಲಿ ಈಜುವ ಜಾಗವನ್ನು ತೆರವಾಗಿಡಲು ಪಂಪುಗಳಿಂದ ನೀರನ್ನು ಕಲಕುತ್ತಿರಬೇಕಾಗುತ್ತದೆ. ಅಂಥ ನೀರಿಗೆ ಇಳಿದೊಡನೆ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಂಡು ಏದುಸಿರಾಗುತ್ತದೆ. ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಈ ಆಘಾತದ ತೀವ್ರತೆಯೆಲ್ಲ ಮೊದಲ ಅರ್ಧ ನಿಮಿಷದಲ್ಲಿದ್ದು, ಒಂದೆರಡು ನಿಮಿಷಗಳಲ್ಲಿ ತಗ್ಗುತ್ತದೆ. ಆದುದರಿಂದ ಎಂದೂ ಜಿಗಿಯಬೇಡಿ, ತಲೆ ಮುಳುಗಿಸಬೇಡಿ. ಏಣಿಯ ಕಂಬಿ ಹಿಡಿದು, ಉದ್ದವಾಗಿ ಉಸಿರು ಬಿಡುತ್ತಾ ಭುಜದವರೆಗೆ ಇಳಿಯಿರಿ. ಉಸಿರು ಹದಕ್ಕೆ ಬಂದ ಮೇಲೆ ಬೇಕಾದರೆ ನಾಲ್ಕು ಕೈ ಈಜಿ, ಏಣಿಯನ್ನು ಬಿಟ್ಟು ದೂರ ಹೋಗದೆ ಮೇಲೆ ಬನ್ನಿ. ಮೊದಲ ಸಲಕ್ಕೆ ಒಂದು ನಿಮಿಷ ಧಾರಾಳವಾಯಿತು. ಅಲ್ಲಿನವರು ತಲೆಗೆ ಉಣ್ಣೆಯ ಟೋಪಿ, ಕೈಕಾಲಿಗೆ ನಿಯೋಪ್ರೀನ್ ಎಂಬ ರಬ್ಬರಿನ ಗವಸು ಹಾಕಿಕೊಂಡು ಈಜುವುದನ್ನು ನೋಡುತ್ತೀರಿ. ಬೆರಳುಗಳೇ ಮೊದಲು ಮರಗಟ್ಟುವುದರಿಂದ ನೀವೂ ಹಾಗೆ ಮಾಡಿ.

ಸುಖವೇನೆಂಬ ನಿಮ್ಮ ಪ್ರಶ್ನೆಗೆ ಉತ್ತರ, ಬಿಸಿಗಿಂತಲೂ ಚಳಿಗಿಂತಲೂ ಹೆಚ್ಚಾಗಿ, ಎರಡರ ನಂತರದ ಬಿಡುವಿನಲ್ಲಿದೆ. ನೀರಿನಿಂದ ಬಂದು ಮೈ ಒರೆಸಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಾಗ, ಸುತ್ತ ಮಂಜಿದ್ದರೂ ಮೈಯಿಂದ ಆವಿ ಏಳುತ್ತಿರುತ್ತದೆ. ಚರ್ಮ ಜುಮ್ಮೆನ್ನುತ್ತದೆ, ಎದೆಬಡಿತ ಇಳಿಯುತ್ತದೆ, ಮನಸ್ಸು ಅಪರೂಪದ ನಿಚ್ಚಳತೆಗೆ ಬರುತ್ತದೆ. ಬಹಳ ಮಂದಿ ಹೊಸಬರು ಎಷ್ಟು ಹೊತ್ತು ಸಹಿಸಿದೆವೆಂದು ಲೆಕ್ಕವಿಟ್ಟು ಈ ಘಳಿಗೆಯನ್ನು ಕಳೆದುಕೊಳ್ಳುತ್ತಾರೆ, ಅದು ನನಗೆ ನಿಜವಾಗಿ ಬೇಸರ ತರಿಸುತ್ತದೆ. ಹತ್ತು ನಿಮಿಷ ಒಳಗೆ, ಒಂದು ಮುಳುಗು, ಆಮೇಲೆ ಮನಸ್ಸಿಗೆ ಬಂದಷ್ಟು ಹೊತ್ತು ಬೆಂಚು. ನಡುಕ ಶುರುವಾದರೆ ಮಾತ್ರ ಕೂಡಲೇ ಬೆಚ್ಚನೆಯ ಜಾಗಕ್ಕೆ ಹೋಗಿ, ಏಕೆಂದರೆ ನೀರಿನಿಂದ ಬಂದ ಮೇಲೂ ಸ್ವಲ್ಪ ಹೊತ್ತು ದೇಹದ ಒಳಗಿನ ಶಾಖ ಇಳಿಯುತ್ತಲೇ ಇರಬಹುದು.

ಪ್ರಶ್ನೆ: ಮೇ ತಿಂಗಳಲ್ಲಿ ಹೆಲ್ಸಿಂಕಿಯ ಮಗಳ ಮನೆಗೆ ಹೋಗುತ್ತಿದ್ದೇನೆ. ವಯಸ್ಸು 64, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಗಳು ಸೌನಾಕ್ಕೆ ಕರೆಯುತ್ತಾಳೆ. ಹೋಗಬಹುದೇ? ಅಲ್ಲಿ ಬಟ್ಟೆಯಿಲ್ಲದೆ ಕೂರಬೇಕಂತೆ, ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ, ಅಮ್ಮ. ಕೇಳುವಾಗ ಬಿಸಿಕೋಣೆಯ ಬಗ್ಗೆ ಒಂದು ಪ್ರಶ್ನೆ, ತಣ್ಣೀರಿನ ಬಗ್ಗೆ ಇನ್ನೊಂದು ಪ್ರಶ್ನೆ ಎಂದು ಬೇರೆ ಬೇರೆಯಾಗಿಯೇ ಕೇಳಿ. ಹತೋಟಿಯಲ್ಲಿರುವ ರಕ್ತದೊತ್ತಡದವರಿಗೆ ಹಿತವಾದ ಸೌನಾ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೆ ಶಾಖಕ್ಕೆ ರಕ್ತನಾಳಗಳು ಹಿಗ್ಗುವುದರಿಂದ, ಮಾತ್ರೆಯ ಪರಿಣಾಮವೂ ಸೇರಿ, ತಟ್ಟನೆ ಎದ್ದಾಗ ತಲೆ ಸುತ್ತಬಹುದು. ತಣ್ಣೀರಿನ ಮುಳುಗು ಒತ್ತಡವನ್ನು ಒಮ್ಮೆಲೇ ಏರಿಸುವುದರಿಂದ ಅದರ ಅಪಾಯ ಬೇರೆಯದು. ಮೇ ಆರಂಭದಲ್ಲಿ ಅಲ್ಲಿನ ಸಮುದ್ರ ಹತ್ತು ಡಿಗ್ರಿಗೂ ಕೆಳಗಿರುತ್ತದೆ. ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಬರುತ್ತಿರುವವರು ಎರಡರಿಂದಲೂ ದೂರವಿರಬೇಕು. ನೀವು ಕೆಳಗಿನ ಹಲಗೆಯ ಮೇಲೆ ಐದಾರು ನಿಮಿಷ ಕುಳಿತು, ನಿಧಾನವಾಗಿ ಎದ್ದು, ಮಗಳ ಕೈ ಹಿಡಿದು ಹೊರಬಂದು ಕಡಲಿನ ಗಾಳಿಗೆ ಮೈಯೊಡ್ಡಿದರೂ ಸೌನಾದ ಹೆಚ್ಚಿನ ಸುಖ ದಕ್ಕಿದಂತೆಯೇ. ನೀರು ಚೆನ್ನಾಗಿ ಕುಡಿಯಿರಿ.

ಉಡುಪಿನ ವಿಷಯದಲ್ಲಿ ಸ್ಥಳದಿಂದ ಸ್ಥಳಕ್ಕೆ ರೂಢಿ ಬೇರೆ. ಮನೆಮಂದಿಯ ನಡುವೆ, ಗಂಡಸರು ಹೆಂಗಸರು ಪ್ರತ್ಯೇಕವಾಗಿ ಕೂರುವ ಕಡೆ ಬಟ್ಟೆಯಿಲ್ಲದಿರುವುದು ಸಹಜ. ಎಲ್ಲರೂ ಒಟ್ಟಿಗೆ ಕೂರುವ, ಮೇಲೆ ಹೇಳಿದ ಲೋಯ್ಲು ಸೌನಾದಲ್ಲಿ ಈಜುಡುಗೆ ಕಡ್ಡಾಯ. ತೊಡೆ, ತೋಳು ಮುಚ್ಚುವ ಈಜುಡುಗೆಯೂ ಆಗುತ್ತದೆ. ಒಳಗೆ ಹೋಗುವ ಮೊದಲು ಮೈ ತೊಳೆದುಕೊಳ್ಳುವುದು, ಹಲಗೆಯ ಮೇಲೆ ಚಿಕ್ಕ ಬಟ್ಟೆ ಹಾಸಿ ಕೂರುವುದು ಎಲ್ಲೆಡೆಯ ಮರ್ಯಾದೆ. ಚಿನ್ನದ ಸರ, ಬಳೆಗಳನ್ನು ಮನೆಯಲ್ಲೇ ಬಿಡಿ. ಲೋಹ ಕಾದು ಚುರುಕು ಮುಟ್ಟಿಸುತ್ತದೆ.

ಪ್ರಶ್ನೆ: ಕಡಲಿಗೆ ಹತ್ತಿರದ ನಮ್ಮ ಹೋಮ್‌ಸ್ಟೇಯಲ್ಲಿ ಇಂಥದೊಂದು ಕಟ್ಟಿಗೆ ಸೌನಾ ಕಟ್ಟಿದರೆ ಹೇಗೆ?
– ಓದುಗರು, ಕುಂದಾಪುರ

ಉತ್ತರ: ಕಟ್ಟಬಹುದು, ಆದರೆ ನಿಮ್ಮ ಕಡಲು ಚಳಿ ಕೊಡಲಾರದು. ಕರಾವಳಿಯ ನೀರು ವರ್ಷದ ಬಹುಪಾಲು 26ರಿಂದ 30 ಡಿಗ್ರಿಯ ನಡುವೆ ಇರುತ್ತದೆ; ಮಳೆಗಾಲದಲ್ಲಂತೂ ಅದಕ್ಕೆ ಇಳಿಯುವುದೇ ಅಪಾಯ. ನೀರು ತಂಪಾಗಿಸುವ ಯಂತ್ರವಿಟ್ಟು ತೊಟ್ಟಿ ಮಾಡುವುದಕ್ಕಿಂತ ಬಾವಿಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವ ವ್ಯವಸ್ಥೆಯೇ ಲೇಸು. ನನ್ನನ್ನು ಕೇಳಿದರೆ, ಎಣ್ಣೆ ಹಚ್ಚಿ, ಬಚ್ಚಲೊಲೆಯ ಹಂಡೆಯ ನೀರಿನಲ್ಲಿ ಸೀಗೆಪುಡಿಯ ಸ್ನಾನ ಮಾಡಿಸಿದರೆ ನಿಮ್ಮ ಅತಿಥಿಗಳಿಗೆ ನಿಮ್ಮ ಊರಿನದೇ ಸುಖ ಸಿಗುತ್ತದೆ. ಸೌನಾವೇ ಬೇಕೆಂದಿದ್ದರೆ, ಒಲೆ ಮತ್ತು ಹೊಗೆಕೊಳವೆಯನ್ನು ಅನುಭವಸ್ಥರಿಂದಲೇ ಕೂರಿಸಿ, ಕೆಳಗಿನಿಂದ ಗಾಳಿ ಬರಲು ಕಿಂಡಿ ಬಿಡಿ, ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಅದಕ್ಕೆ ಚಿಲಕ ಇಡಬೇಡಿ.